ಗಿಯರ್ ಪೆಟ್ಟಿಗೆಗೆ ಸೋಸಿದ ಎಣ್ಣೆ

ತೇರದಾಳ,
ಫಾಲ್ಗುಣ ಶುದ್ಧ ಅಷ್ಟಮಿ, ರವಿವಾರ,
೧೪ನೇ ಮಾರ್ಚ್ ೧೯೪೩

ಬನಹಟ್ಟಿಯಲ್ಲಿ ಒಬ್ಬರೇ ರೊಟ್ಟಿ ಸುಟ್ಟುಕೊಂಡು ತಿನ್ನುತ್ತಿರುವ ನಮ್ಮ ಮನೆಯವರಿಗೆ,

ತವರಿನಲ್ಲಿ ಕೂತ ನಿಮ್ಮ ಬ್ರಾಹ್ಮಿಯ ನಮಸ್ಕಾರಗಳು. ಇಲ್ಲಿ ಅಪ್ಪ, ಅವ್ವ, ಎಮ್ಮೆ, ಅದರ ಕರು ಎಲ್ಲರೂ ಕ್ಷೇಮ. ನಿಮ್ಮ ಪತ್ರ ನಿನ್ನೆ ಬಂತು. ಓದುತ್ತಾ ನನಗೆ ಎರಡು ಸಲ ಅಳು ಬಂತು, ಒಂದು ಸಲ ನಗು ಬಂತು. ನಗು ಬಂದದ್ದು ಎಲ್ಲಿ ಎಂದು ಮುಂದೆ ಬರೆಯುತ್ತೇನೆ, ಸಿಟ್ಟಾಗಬಾರದು.

ಮೊದಲು ಅವಸರದ ಮಾತು. ಹೋಳಿ ಹುಣ್ಣಿಮೆಯ ದಿನ ರಾಮಲಿಂಗಪ್ಪನವರಿಗೆ ಮೋಟಾರಿನ ಕೀಲಿಕೈ ಒಪ್ಪಿಸಿ, ಡ್ರೈವರಿಕೆ ಸಾಕೆಂದು ಹೇಳಿ, ನಿಮ್ಮ ಕಾಕಾ ಅವರ ಅರಳೆ ಅಂಗಡಿಯಲ್ಲಿ ತಕ್ಕಡಿ ಹಿಡಿಯಲು ಹೋಗುತ್ತೇನೆ ಎಂದು ಬರೆದಿದ್ದೀರಿ. ಹೋಗಬೇಡಿ. ಹುಣ್ಣಿಮೆಗೆ ಇನ್ನೂ ಏಳು ದಿನ ಇದೆ. ಟಪಾಲಿನವರು ಎರಡು ಸಂಸ್ಥಾನದ ಠಸ್ಸೆ ಹೊಡೆದುಕೊಂಡು ಎಷ್ಟು ನಿಧಾನ ಮಾಡಿದರೂ ಗುರುವಾರದೊಳಗೆ ಈ ಪತ್ರ ನಿಮ್ಮ ಕೈ ಸೇರಬೇಕು. ಮುಂದೆ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟಾದರೂ ನೆನಪಿಡಿ, ಕೀಲಿಕೈ ಕೊಡಬೇಡಿ.

ತಕ್ಕಡಿ ಹಿಡಿಯುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮನ್ನು ನಾನು ಬಲ್ಲೆ. ಊಟಕ್ಕೆ ಕೂತಾಗ ಓಣಿಯ ಆಚೆ ಒಂದು ಮೋಟಾರು ಹೋದರೆ ಸಾಕು, ತುತ್ತನ್ನು ಕೈಯಲ್ಲೇ ಹಿಡಿದು, "ಜಮಖಂಡಿ ಡಾಕ್ಟರ ಗಾಡಿ ಅದು, ಒಂದ ಪ್ಲಗ್ಗ ಸುಡವಲ್ದು" ಎನ್ನುವವರು ನೀವು. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಹೆಂಡತಿಗೆ ಇಳಕಲ್ ಸೀರೆ ತಂದು ತೋರಿಸುತ್ತಾರೆ. ನೀವು ನನ್ನನ್ನು ಮೋಟಾರಿನ ಕೆಳಗೆ ಕೂರಿಸಿ, ಅದರ ಹೊಟ್ಟೆಯ ಬೋಲ್ಟು ತೋರಿಸಿ, "ಇದನ್ನ ಬಿಚ್ಚಿದ್ರ ಗಿಯರ್ ಪೆಟಗಿ ಎಣ್ಣಿ ಪೂರಾ ಇಳಿತೈತಿ, ಮ್ಯಾಲ ಫಳಿ ಸರಿಸಿದ್ರ ತುಂಬೂ ಬಾಯಿ ಕಾಣತೈತಿ" ಎಂದು ಪಾಠ ಹೇಳಿದಿರಿ. ನನಗೆ ಆಗ ನಗು ಬಂದಿತ್ತು, ಸ್ವಲ್ಪ ಬೇಸರವೂ ಬಂದಿತ್ತು. ಆದರೆ ಬೋಲ್ಟು ಎಲ್ಲಿದೆ ಎಂಬುದನ್ನು ನಾನು ಮರೆಯಲಿಲ್ಲ. ಹಾಗೆ ಕಲಿಸಿದ್ದು ತಪ್ಪಾಯಿತೇನೋ ಎಂದು ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಮಗೆ ಅನ್ನಿಸಬಹುದು.

ನಮ್ಮ ಜಗಳದ ಕಥೆಯನ್ನು ನೀವು ಪತ್ರದಲ್ಲಿ ನಿಮಗೆ ಅನುಕೂಲವಾಗುವಂತೆ ಬರೆದುಕೊಂಡಿದ್ದೀರಿ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ನಾನೊಮ್ಮೆ ಬರೆಯುತ್ತೇನೆ. ಯುದ್ಧ ಶುರುವಾದ ಮೇಲೆ ಮುಂಬೈಯಿಂದ ಕುಡಚಿ ಸ್ಟೇಷನ್ನಿಗೆ ಬರುತ್ತಿದ್ದ ಗಿಯರ್ ಎಣ್ಣೆಯ ಡಬ್ಬಿ ನಿಂತಿತು. ರಾಮಲಿಂಗಪ್ಪನವರ ಮೋಟಾರು ಮೊದಲೇ ಹದಿನೆಂಟು ವರ್ಷದ ಮುದುಕಿ, ಎಣ್ಣೆ ಕಡಿಮೆಯಾದರೆ ಬೀಳಗಿಯ ದಾರಿಯ ಏರಿನಲ್ಲಿ ಹೋ ಎಂದು ಕೂಗುತ್ತದೆ. ಮುಧೋಳದಲ್ಲಿ ಯಾವನೋ ಮಿಸ್ತ್ರಿ ಹೇಳಿದನೆಂದು ನೀವು ಕರಗಿಸಿದ ಪ್ರಾಣಿಯ ಕೊಬ್ಬಿಗೆ ಹಳೆಯ ಇಂಜಿನ್ ಎಣ್ಣೆ ಬೆರೆಸಿ ತುಂಬಿದಿರಿ. ಕುಡಿಯುವ ನೀರನ್ನೂ ಗಾಳಿಸಿ ಕುಡಿಯುವ ಮನೆಯಲ್ಲಿ ಹುಟ್ಟಿದವರು ನೀವು. ಡಬ್ಬಿಯಲ್ಲಿ ಏನಿದೆ ಎಂದು ನಾನು ಕೇಳಿದಾಗ "ಭೂಮಿಯೊಳಗಿನ ಎಣ್ಣಿ" ಎಂದಿರಿ. ದೀಪಾವಳಿಯ ಬೆಳಿಗ್ಗೆ ಮಹಾವೀರ ಸ್ವಾಮಿಗೆ ನಿರ್ವಾಣದ ಲಾಡು ಅರ್ಪಿಸಿ ಬಸದಿಯಿಂದ ಮನೆಗೆ ಬಂದರೆ ಓಣಿಯ ಬೆಕ್ಕು ಆ ಡಬ್ಬಿಯ ಮುಚ್ಚಳ ನೆಕ್ಕುತ್ತಾ ಕೂತಿತ್ತು. ಭೂಮಿಯೊಳಗಿನ ಎಣ್ಣೆಗೆ ಬೆಕ್ಕು ಬಾಯಿ ಹಾಕಿದ್ದನ್ನು ಯಾರು ಕಂಡಿದ್ದಾರೆ. ನಾನು ನಿಮ್ಮ ಮುಖ ನೋಡಿದೆ, ನೀವು ಬೆಕ್ಕಿನ ಮುಖ ನೋಡಿದಿರಿ.

ಮರುದಿನ ಅವ್ವನ ಮೊಣಕಾಲು ನೋವಿನ ನೆಪ ಹೇಳಿ ತೇರದಾಳದ ಬಂಡಿ ಹತ್ತಿದೆ. ಸಿಟ್ಟಿನಿಂದ ಹೋದೆ ಎಂದು ಬರೆದಿದ್ದೀರಿ. ಸಿಟ್ಟು ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಇಲ್ಲಿ ಯಾರಿಗೂ ನಾನು ಒಂದು ಮಾತೂ ಹೇಳಿಲ್ಲ. ಅಪ್ಪನಿಗೆ ಗೊತ್ತಾದರೆ ನಿಮ್ಮ ಮನೆಯ ನೀರನ್ನೂ ಮುಟ್ಟುವುದಿಲ್ಲ, ನನ್ನನ್ನು ತಿರುಗಿ ಕಳಿಸುವುದಂತೂ ದೂರದ ಮಾತು. ನಾಲ್ಕು ತಿಂಗಳಿಂದ ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೇನೆ, ಪಾಪ ಅವಳಿಗೆ ನೋವೇ ಇಲ್ಲ. ಒಮ್ಮೆ "ಬ್ರಾಹ್ಮೀ, ನನ್ನ ಕಾಲ ಛಲೋ ಅದಾವ, ನಿನಗ ಏನ ಆಗೇತಿ ಹೇಳ ಬೇ" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಹಾಗೆ ಸುಳ್ಳು ಹೇಳುವುದನ್ನು ನಾನೂ ಕಲಿತೆ.

ಪುಷ್ಯ ಮಾಸದಲ್ಲಿ ನೀವು ಬರೆದ ಪತ್ರ ನೆನಪಿದೆಯೇ? ಕೊಬ್ಬು ಬಿಡಲು ನಾನು ತಯಾರು, ಗಿಯರು ತಯಾರಿಲ್ಲ, ಬೇರೆ ಎಣ್ಣೆ ಎಲ್ಲಾ ತೆಳ್ಳಗೆ, ಹಲ್ಲಿನ ಮೇಲೆ ನಿಲ್ಲುವುದಿಲ್ಲ, ಗಿಯರ್ ಎಣ್ಣೆ ಎಂದರೆ ಜೇನಿನಂತೆ ಇಳಿಯಬೇಕು ಎಂದಿದ್ದಿರಿ. ಜೇನನ್ನು ಮೂಸಿಯೂ ನೋಡದ ಮನೆಯ ಮಗಳಿಗೆ ಇದೆಂಥ ಲೆಕ್ಕ? ನಾನು ಅದನ್ನು ಜೋನಿಬೆಲ್ಲ ಎಂದು ತಿದ್ದಿಕೊಂಡೆ. ಪತ್ರ ಮಡಿಸಿ ಇಡುವಾಗಲೇ ಅನ್ನಿಸಿತು, ಈ ಮನುಷ್ಯ ತಾನಾಗಿ ಹುಡುಕುವುದಿಲ್ಲ, ಮಿಸ್ತ್ರಿ ಹೇಳಿದ್ದನ್ನೇ ವೇದ ಮಾಡಿಕೊಂಡಿದ್ದಾನೆ ಎಂದು. ಏಕವಚನಕ್ಕೆ ಕ್ಷಮೆ ಇರಲಿ, ಮನಸ್ಸಿನಲ್ಲಿ ಅಂದುಕೊಂಡದ್ದು ಹಾಗೇ ಇತ್ತು.

ನಾನು ಬನಹಟ್ಟಿಯಿಂದ ಸೀಗೆಕಾಯಿ ತುಂಬಿಕೊಂಡು ಬಂದದ್ದು ಗಿಯರ್ ಎಣ್ಣೆಯ ಹಳೆಯ ಮುಂಬೈ ಡಬ್ಬಿಯಲ್ಲಿ, ಅದರ ತಳದ ಮಡಿಕೆಯಲ್ಲಿ ಆ ಇಂಗ್ಲಿಷ್ ಎಣ್ಣೆ ಇನ್ನೂ ಎರಡು ಚಮಚೆಯಷ್ಟು ಉಳಿದಿತ್ತು. ಒಂದು ಹಿತ್ತಾಳೆ ತಾಟನ್ನು ಗೋಡೆಗೆ ಓರೆಯಾಗಿ ಆನಿಸಿ, ಅದರ ಮೇಲಂಚಿಗೆ ಆ ಎಣ್ಣೆಯ ಒಂದು ಹನಿ, ಪಕ್ಕದಲ್ಲಿ ಶೇಂಗಾ ಎಣ್ಣೆ, ಎಳ್ಳೆಣ್ಣೆ, ಕುಸುಬಿ ಎಣ್ಣೆ, ಕೆಲವರು ಹರಳೆಣ್ಣೆ ಎನ್ನುವ ಔಡಲ ಎಣ್ಣೆ ಒಂದೊಂದು ಹನಿ ಇಟ್ಟೆ. ಚಳಿಯ ಬೆಳಿಗ್ಗೆ ಒಮ್ಮೆ, ನಡುಹಗಲಿನ ಬಿಸಿಲಿನಲ್ಲಿ ಒಮ್ಮೆ. ಶೇಂಗಾ ನಾನು ಕಣ್ಣು ಮಿಟುಕಿಸುವುದರೊಳಗೆ ಕೆಳಗಿತ್ತು. ಎಳ್ಳು ಅದರ ಬೆನ್ನ ಹಿಂದೆಯೇ ಓಡಿತು. ಕುಸುಬಿಯೂ ತೆಳ್ಳಗೇ, ಆದರೂ ನಮ್ಮ ಹೊಲದ್ದು ಎಂಬ ಪ್ರೀತಿಗೆ ಅದನ್ನು ಹಿತ್ತಿಲ ಬಾಗಿಲ ತಿರುಗಣಿಗೆ ಹಚ್ಚಿ ಎಂಟು ದಿನ ಬಿಟ್ಟೆ. ಒಣಗಿ ಗೋಂದಿನಂತೆ ಹಿಡಿದುಕೊಂಡಿತು, ಬಾಗಿಲು ತೆರೆಯಲು ಅಪ್ಪ ಹೆಗಲು ಕೊಡಬೇಕಾಯಿತು. ಔಡಲ ಮಾತ್ರ ಇಂಗ್ಲಿಷ್ ಎಣ್ಣೆಯ ಜೊತೆ ಜೊತೆಗೆ, ಅವಸರವಿಲ್ಲದೆ ಇಳಿಯಿತು. ಬೆಳಗಿನ ಚಳಿಯಲ್ಲಿ ಸ್ವಲ್ಪ ಹಿಂದೆ ಬಿತ್ತು, ಬಿಸಿಲಿನಲ್ಲಿ ಸರಿಸಮ ನಡೆಯಿತು. ಬೆರಳಿಗೆ ಹಚ್ಚಿಕೊಂಡರೆ ಸೀಗೆಕಾಯಿ ಹಾಕಿ ಮೂರು ಸಲ ತೊಳೆದರೂ ಬಿಡಲೊಲ್ಲದು. ಹಲ್ಲಿನ ಮೇಲೆ ನಿಲ್ಲಬೇಕೆಂದು ನೀವು ಹೇಳಿದ್ದು ಇದೇ ಅಲ್ಲವೇ ಎಂದುಕೊಂಡೆ.

ಎಣ್ಣೆ ಗೊತ್ತಾಯಿತು, ಎರಡು ಸೇರು ಬೇಕಲ್ಲ. ಗಾಣದ ಪಾಂಡಪ್ಪನ ಹತ್ತಿರ ಹೋಗಿ ಔಡಲ ಹಾಕಿ ಕೊಡು ಎಂದರೆ ಎರಡೂ ಕೈ ಮುಗಿದ. "ತಂಗೀ, ಇವತ್ತ ಗಾಣದಾಗ ಔಡಲ ಹಾಕಿದ್ರ ನಾಳಿ ನನ್ನ ಶೇಂಗಾ ಎಣ್ಣಿ ತಿಂದವ್ರೆಲ್ಲ ಚರಿಗಿ ಹಿಡಕೊಂಡು ಓಡ್ತಾರವಾ. ಊರಾಗ ನನ್ನ ಮರ್ಯಾದಿ ಏನ ಉಳೀತೈತಿ" ಎಂದ. ಅವನು ಹೇಳಿದ್ದು ಖರೆ. ಹಾಗಾಗಿ ಮನೆಯಲ್ಲೇ ಕುದಿಸಿ ತೆಗೆದೆ. ಹುಳ ಹಿಡಿದ ಬೀಜ ಒಂದೂ ಒಳಗೆ ಹೋಗದಂತೆ ಮೂರು ಮಧ್ಯಾಹ್ನ ಕೂತು ಆರಿಸಿದೆ. ಕೊಬ್ಬು ಬೇಡವೆಂದು ಹೊರಟವಳು ಹುಳುವನ್ನು ಕುದಿಸಿದರೆ ಏನು ಬಂತು? ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದೆ. ಮೊದಲ ಸಲದ್ದನ್ನು ಹಾಗೇ ಗಡಿಗೆಗೆ ತುಂಬಿ, ಕೆಲಸ ಆಯಿತೆಂದು ಹಿಗ್ಗಿದ್ದೆ. ಒಂದು ಹನಿ ಒಲೆಗೆ ಬಿದ್ದು ಚಟಪಟ ಎಂದಾಗ ಗೊತ್ತಾಯಿತು, ಒಳಗೆ ನೀರು ಉಳಿದಿತ್ತು. ನೀರು ಕುಡಿದ ಗಿಯರು ತುಕ್ಕು ತಿನ್ನುತ್ತದೆ ಎಂದು ನೀವೇ ಹೇಳಿದವರು. ಮತ್ತೆ ಒಲೆಗೆ ಇಟ್ಟು, ತುಪ್ಪ ಕಾಸುವಂತೆ ಸಪ್ಪಳ ಪೂರ್ತಿ ಅಡಗುವ ತನಕ ಸಣ್ಣ ಉರಿಯಲ್ಲಿ ಕಾಸಿದೆ. ಆಮೇಲೆ ನೀರು ಗಾಳಿಸುವ ಅರಿವೆಯನ್ನು ಎರಡು ಮಡಿಕೆ ಮಾಡಿ ಸೋಸಿದೆ. ಒಂದು ಸೇರು ಇಳಿಯಲು ಒಂದು ಇಡೀ ದಿನ ಹಿಡಿಯಿತು. ಅರಿವೆಯ ಮೇಲೆ ಉಳಿದ ಗಸಿ, ಮರಳು ನೋಡಿದ್ದರೆ ನೀವು ನನಗೆ ಅಲ್ಲೇ ಕೆಲಸ ಕೊಡುತ್ತಿದ್ದಿರಿ. ಅವ್ವ ಮಾತ್ರ ಮೂಗಿಗೆ ಸೆರಗು ಹಿಡಿದು, ಇಷ್ಟು ಔಡಲ ಎಣ್ಣೆ ಯಾರ ಹೊಟ್ಟೆಗೆ ಎಂದು ಎರಡು ದಿನ ಚಿಂತೆ ಮಾಡಿದಳು.

ಇನ್ನು ಹೇಳಬೇಕಾದದ್ದು ಹೇಳುತ್ತೇನೆ. ಕೂತು ಓದಿ.

ಮಾಘ ಮಾಸದಲ್ಲಿ ರಾಮಲಿಂಗಪ್ಪನವರನ್ನು ಮದುವೆಗೆಂದು ತೇರದಾಳಕ್ಕೆ ಕರೆತಂದಿರಲ್ಲ, ಅವರನ್ನು ಅಲ್ಲಿ ಇಳಿಸಿ ಮೋಟಾರನ್ನು ನಮ್ಮ ಹಿತ್ತಿಲ ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಪಡಸಾಲೆಯಲ್ಲಿ ಅಪ್ಪನ ಜೊತೆ ಊಟಕ್ಕೆ ಕೂತಿರಿ. "ಮೂರು ತಿಂಗಳ ಮೇಲೆ ಬಂದರೂ ನೀನು ಹೊರಗೆ ಬಂದು ಮುಖ ತೋರಿಸಲಿಲ್ಲ" ಎಂದು ಪತ್ರದಲ್ಲಿ ಅತ್ತುಕೊಂಡಿದ್ದೀರಿ. ಬರಲಿಲ್ಲ, ಖರೆ. ಕದದ ಸಂದಿಯಿಂದ ನೋಡಿದೆ. ಸೊರಗಿದ್ದಿರಿ, ಅಂಗಿಯ ಗುಂಡಿ ಎರಡು ಹೋಗಿದ್ದವು. ಹೊರಗೆ ಬಂದಿದ್ದರೆ ನನ್ನ ಕೈಲಿ ಆ ಕೆಲಸ ಆಗುತ್ತಿರಲಿಲ್ಲ, ನಿಮ್ಮ ಎದುರು ಕೂತು ಅಳುವುದೇ ಆಗುತ್ತಿತ್ತು. ಹೋಳಿಗೆಯ ಮೇಲೆ ಎರಡೆರಡು ಸಲ ತುಪ್ಪ ಹಾಕಲು ಅವ್ವನಿಗೆ ಹೇಳಿದವಳು ನಾನು. ಪ್ರೀತಿಯೂ ಹೌದು, ನಿಮಗೆ ಗಟ್ಟಿ ನಿದ್ದೆ ಹತ್ತಲಿ ಎಂಬ ಆಸೆಯೂ ಹೌದು. ಆರು ಹೋಳಿಗೆ ತಿಂದಿರಿ, ಎಣಿಸಿದ್ದೇನೆ. ಅಪ್ಪ ಮಾತು ಮುಗಿಸುವ ಮೊದಲೇ ನಿಮ್ಮ ಗೊರಕೆ ಹಿತ್ತಿಲಿಗೆ ಕೇಳಿಸಿತು.

ಬಂಡಿಯ ಗಾಲಿ ಕಟ್ಟುವ ಕರೆಪ್ಪನನ್ನು ಮೊದಲೇ ಕರೆಸಿ ಕೂರಿಸಿದ್ದೆ. ಎಣ್ಣೆ ಬದಲಿಸಲು ಮನೆಯವರೇ ಹೇಳಿದ್ದಾರೆ ಎಂದೆ. ಅವನು ಪಡಸಾಲೆಯ ಕಡೆ ನೋಡಿ, "ಅವ್ರ ಹೇಳಿದ್ರ ಅವ್ರ ಎದ್ದ ಬರವಲ್ರ್ಯಾಕ ಅಕ್ಕಾರ? ನನಗ ಮೋಟಾರ ಹೊಟ್ಟಿ ಗೊತ್ತಿಲ್ರೀ" ಎಂದ. "ನನಗ ಗೊತ್ತೈತಿ, ನೀ ಬೋಲ್ಟ ಬಿಚ್ಚೂ ಪಾನಾ ಹಿಡಿ" ಎಂದೆ. ನೀವು ತೋರಿಸಿದ ಬೋಲ್ಟು ನೀವು ತೋರಿಸಿದ ಜಾಗದಲ್ಲೇ ಇತ್ತು. ಬಿಚ್ಚಿದರೆ ಆ ಕರಿ ಕೊಬ್ಬು ಗಡಿಗೆಗೆ ಇಳಿಯಲು ಶುರುವಾಯಿತು. ನಾಲ್ಕು ಹನಿ ನೆಲಕ್ಕೆ ಬಿದ್ದದ್ದೇ ಇರುವೆಗಳು ಸಾಲು ಹಿಡಿದು ಬಂದವು. ಅವು ಅದರಲ್ಲಿ ಸಿಕ್ಕಿ ಸಾಯುತ್ತವೆಂದು ನಾನು ಮೋಟಾರು ಬಿಟ್ಟು ಬೂದಿ ತರಲು ಓಡಿದೆ. ಬೂದಿ ಹಾಕಿ ಇರುವೆಗಳನ್ನು ಹಕ್ಕಿಗರಿಯಿಂದ ಆಚೆ ಸರಿಸುತ್ತಾ ಕೂತರೆ ಕರೆಪ್ಪ ತಲೆಯ ಮೇಲೆ ಕೈ ಹೊತ್ತು, "ಅಕ್ಕಾರ, ಅವ್ರ ಎದ್ರಂದ್ರ ನಾನ ಇರುವಿ ಆಗ್ತೇನ್ರಿ" ಎಂದ. ಗಡಿಗೆಗೆ ಅರಿವೆ ಬಿಗಿದು ಕಟ್ಟಿಸಿದ ಮೇಲೆಯೇ ಮುಂದಿನ ಕೆಲಸ. ಕೊಬ್ಬಿನ ಪಸೆ ಉಳಿದರೆ ಔಡಲದ ಜೊತೆ ಸೇರಿ ಗಂಟುಕಟ್ಟೀತೆಂದು ಒಳಗೆಲ್ಲಾ ಚಿಮಣಿ ಎಣ್ಣೆ ಹಾಕಿ, ಮೋಟಾರನ್ನು ಹಿಂದೆ ಮುಂದೆ ತಳ್ಳಿಸಿ, ಎರಡು ಸಲ ತೊಳೆದೆವು. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆಯಲ್ಲಿ ರೇಷನ್ನಿನ ಚಿಮಣಿ ಎಣ್ಣೆ ಅಷ್ಟಿಷ್ಟು ಉಳಿದೇ ಇರುತ್ತದೆ. ಆಮೇಲೆ ಬೋಲ್ಟು ಬಿಗಿದು, ಫಳಿ ಸರಿಸಿ, ಮೇಲಿನ ಬಾಯಿಯಿಂದ ನನ್ನ ಎರಡು ಸೇರು ಎಣ್ಣೆ ಸುರಿದೆ. ನೀವು ಎದ್ದು ಚಹಾ ಕುಡಿದು, ಒಳಗಿನ ಕದದ ಕಡೆ ಒಮ್ಮೆ ನೋಡಿ, ಮೋಟಾರು ತಿರುವಿ ಹೋದಿರಿ.

ಅಂದಿನಿಂದ ನಿಮ್ಮ ಮೋಟಾರು ಓಡುತ್ತಿರುವುದು ಔಡಲ ಎಣ್ಣೆಯ ಮೇಲೆ. ಕೂಗಿದಾಗ ಮಾತ್ರ ಗಿಯರ್ ಪೆಟ್ಟಿಗೆಯ ಮುಚ್ಚಳ ತೆರೆಯುವುದು ನಿಮ್ಮ ರೂಢಿ. ಅದು ಕೂಗಲಿಲ್ಲ, ನೀವು ತೆರೆಯಲಿಲ್ಲ. ನಿನ್ನೆಯ ಪತ್ರದಲ್ಲಿ ನೀವೇ ಬರೆದಿದ್ದೀರಿ, ಈ ಚಳಿಗಾಲ ಕಳೆದ ಮೇಲೆ ಗಿಯರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬೀಳುತ್ತಿದೆ, ಮೂರು ಸ್ವಾರಿ ಮುಧೋಳಕ್ಕೆ, ಎರಡು ಬೀಳಗಿಗೆ, ಏರಿನಲ್ಲೂ ಸಪ್ಪಳವಿಲ್ಲ, ಏನೆಂದರೂ ಕೊಬ್ಬಿನ ಗುಣ ಬೇರೆ ಎಣ್ಣೆಗೆ ಬರದು, ಆದರೂ ನಿನಗಾಗಿ ಅದನ್ನೂ ಮೋಟಾರನ್ನೂ ಒಟ್ಟಿಗೆ ಬಿಡುತ್ತೇನೆ ಎಂದು. ನನಗೆ ನಗು ಬಂದದ್ದು ಅಲ್ಲಿ. ನಕ್ಕು ಮುಗಿಯುವುದರೊಳಗೆ ಅಳು ಬಂತು. ನೀವು ಯಾವುದನ್ನು ಬಿಟ್ಟು ನನ್ನ ಹತ್ತಿರ ಬರುತ್ತೇನೆ ಎನ್ನುತ್ತೀರೋ ಅದು ಆ ಮೋಟಾರಿನಲ್ಲಿ ಐದು ವಾರದಿಂದ ಇಲ್ಲ.

ಇದನ್ನು ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೆದರಿದ್ದೆ. ಹಲ್ಲು ಮುರಿದರೆ, ಏರಿನಲ್ಲಿ ಗಿಯರು ಹಿಡಿದುಕೊಂಡರೆ, ರಾಮಲಿಂಗಪ್ಪನವರ ಎದುರು ತಲೆ ತಗ್ಗಿಸುವವರು ನೀವು. ನೀವು ಬೀಳಗಿಗೆ ಹೋಗುವ ದಿನ ಗೊತ್ತಾದಾಗಲೆಲ್ಲ ನಾನು ಒಂದೇ ಹೊತ್ತು ಉಂಡು ಏಕಾಶನ ಮಾಡಿದೆ. ಮಗಳ ಭಕ್ತಿ ಹೆಚ್ಚಿತೆಂದು ಅಪ್ಪ ಬಸದಿಯಲ್ಲಿ ನಾಲ್ಕು ಜನರಿಗೆ ಹೇಳಿಕೊಂಡು ಬಂದ. ಎರಡು ತಿಂಗಳು ಪೂರ್ತಿ ಓಡಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದೆ. ನೀವು ಅಷ್ಟರಲ್ಲಿ ತಕ್ಕಡಿಯ ಮಾತು ತೆಗೆದಿರಿ. ನಿಮ್ಮನ್ನು ಕೇಳದೆ ನಿಮ್ಮ ಮೋಟಾರಿಗೆ ಕೈ ಹಾಕಿದ್ದು ತಪ್ಪು, ಕರೆಪ್ಪನಿಗೆ ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದ್ದೂ ತಪ್ಪು. ಬೈಯುವುದಿದ್ದರೆ ಎದುರಿಗೆ ಬಂದು ಬೈಯಿರಿ, ಪತ್ರದಲ್ಲಿ ನಿಮ್ಮ ಅಕ್ಷರ ಓದುವುದೇ ಕಷ್ಟ.

ಈಗ ಎಣ್ಣೆಯ ಮಾತು ಗಮನವಿಟ್ಟು ಕೇಳಿ. ಇದರ ಮೇಲೆ ಬೇರೆ ಯಾವ ಎಣ್ಣೆಯನ್ನೂ ಹಾಕಬಾರದು, ಮುಂಬೈಯದು ಮತ್ತೆ ಬರಲು ಶುರುವಾದರೂ ಪೂರ್ತಿ ಬಸಿದು ತೊಳೆಯದೆ ಸುರಿಯಬಾರದು. ನಾನು ಒಂದು ಬಟ್ಟಲಿನಲ್ಲಿ ಎರಡನ್ನೂ ಕಲಸಿ ಇಟ್ಟು ನೋಡಿದೆ, ಅತ್ತೆ ಸೊಸೆಯರಂತೆ ಬೇರೆ ಬೇರೆ ಕೂತವು. ಚಳಿಯ ಬೆಳಿಗ್ಗೆ ಗಿಯರು ಬಿರುಸಾದರೆ ಜಗ್ಗಾಡಬೇಡಿ, ಮೊದಲ ಅರ್ಧ ಮೈಲು ಮೆಲ್ಲಗೆ ಹೋಗಿ, ಬಿಸಿಯಾದಂತೆ ತಾನೇ ಹಗುರಾಗುತ್ತದೆ. ಇದು ಹಳತಾದರೆ ಜಿಗುಟಾಗುತ್ತದೆ, ಎರಡು ತಿಂಗಳಿಗೊಮ್ಮೆ ಬದಲಿಸಬೇಕು. ಎರಡನೇ ಗಡಿಗೆ ಸೋಸಿ ಇಟ್ಟಿದ್ದೇನೆ. ಪತ್ರ ಓದಿದ ಮರುದಿನವೇ ಮುಚ್ಚಳ ತೆರೆದು ಬೆರಳಿಗೆ ಹಚ್ಚಿ ನೋಡಿ, ನಿಮಗೆ ನಂಬಿಕೆ ಬರುತ್ತದೆ.

ನಂದೀಶ್ವರ ಪರ್ವ ಇವತ್ತಿನಿಂದ ಹುಣ್ಣಿಮೆಯ ತನಕ, ಅದು ಮುಗಿಯದೆ ಅವ್ವ ನನ್ನನ್ನು ಕಳಿಸುವುದಿಲ್ಲ. ರಾಮಲಿಂಗಪ್ಪನವರಿಗೆ ಕೀಲಿಕೈ ಕೊಡುವ ಬದಲು ಹುಣ್ಣಿಮೆಯ ಮರುದಿನಕ್ಕೆ ಮೋಟಾರು ಕೇಳಿ ನೋಡಿ. ಪೆಟ್ರೋಲ್ ಕೂಪನ್ನಿನ ಚಿಂತೆ ನಿಮ್ಮದು. ಬಣ್ಣ ಎರಚುವವರ ಕೈಗೆ ಸಿಗದಂತೆ ಬೆಳಿಗ್ಗೆಯೇ ಬನ್ನಿ. ಆ ಮೋಟಾರಿನ ಕೆಳಗೆ ಎಷ್ಟೋ ಸಲ ಕೂತಿದ್ದೇನೆ, ಮೇಲೆ ಒಂದು ಸಲವೂ ಕೂತಿಲ್ಲ. ಅಂಗಿಯ ಗುಂಡಿ ಬಂದ ಮೇಲೆ ಹಚ್ಚಿಕೊಡುತ್ತೇನೆ, ಅಲ್ಲಿಯ ತನಕ ಮೇಲೆ ಪಂಚೆ ಹೊದ್ದುಕೊಳ್ಳಿ. ನಿಮ್ಮನ್ನು ನೋಡದೆ ನನಗೆ ಇಲ್ಲಿ ಯಾವುದೂ ರುಚಿಸುತ್ತಿಲ್ಲ.

ಇಂತಿ,
ನಿಮ್ಮವಳೇ,
ಬ್ರಾಹ್ಮಿ

ತಾ. ಕ.: ಪತ್ರ ಮಡಿಸಿ ಅಂಟಿಸಲು ಹೋದವಳು ಮತ್ತೆ ಬಿಚ್ಚಿದ್ದೇನೆ. "ನೀನು ಕೊಟ್ಟ ಶಿಕ್ಷೆಗೆ ನಾಲ್ಕು ತಿಂಗಳಾಯಿತು" ಎಂದು ಬರೆದಿದ್ದೀರಿ. ನಾನು ನಿಮಗೆ ಶಿಕ್ಷೆ ಕೊಟ್ಟಿಲ್ಲ. ಡಬ್ಬಿಯಲ್ಲಿ ಇರುವುದು ಏನೆಂದು ನನಗೆ ದಸರೆಯ ಮರುದಿನವೇ, ಅಂದರೆ ದೀಪಾವಳಿಗೆ ಇಪ್ಪತ್ತು ದಿನ ಮೊದಲೇ ಗೊತ್ತಾಗಿತ್ತು. ನಿಮ್ಮ ಅಂಗಿಯನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದೆ, ನೀರು ಆರಿದಾಗ ಮೇಲೆ ಬೆಳ್ಳಗೆ ಕೊಬ್ಬು ಹೆಪ್ಪುಗಟ್ಟಿತ್ತು. ಹೇಳಿದರೆ ನಾಚಿಕೆಯಿಂದ ನೀವು ನನ್ನ ಎದುರು ಕೂರುವುದನ್ನೇ ಬಿಡುತ್ತೀರೆಂದು ಹೆದರಿ ಸುಮ್ಮನಿದ್ದೆ. ನೀವಾಗಿ ಹೇಳುತ್ತೀರೆಂದು ಇಪ್ಪತ್ತು ದಿನವೂ ಕಾದೆ, ಇಪ್ಪತ್ತು ದಿನವೂ ನಿಮಗೆ ಬಡಿಸಿ, ನೀವು ಉಂಡೆದ್ದ ತಾಟಿನಲ್ಲೇ ಉಂಡೆ. ನಾನು ತೇರದಾಳಕ್ಕೆ ಬಂದದ್ದು ಆ ಇಪ್ಪತ್ತು ದಿನಕ್ಕೆ ನನಗೆ ನಾನೇ ಹಾಕಿಕೊಂಡ ನಾಲ್ಕು ತಿಂಗಳ ಪ್ರಾಯಶ್ಚಿತ್ತ. ಅದು ನಿನ್ನೆಗೆ ಮುಗಿಯಿತು.